ಗರಡಿಯ ಜೋಡಿ

ಕಳೆದ ಮಾಘಮಾಸದಲ್ಲಿ, ಶ್ರೀರಂಗಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ, ಎಪ್ಪತ್ತೈದು ದಾಟಿದ್ದ ರೈತನೊಬ್ಬನು ತೀರಿಕೊಂಡನು. ಪತ್ರಿಕೆಗಳಲ್ಲಿ ಆ ಸುದ್ದಿ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ಆತನು ಯಾವ ಪದವಿಯನ್ನೂ ಪಡೆದವನಲ್ಲ. ಯಾವ ಸಭೆಯಲ್ಲಿಯೂ ಅಧ್ಯಕ್ಷಪೀಠವನ್ನು ಏರಿದವನಲ್ಲ. ಎರಡು ಎಕರೆ ಗದ್ದೆ, ಒಂದು ತುಂಡು ಕಬ್ಬಿನ ಹೊಲ, ಒಂದು ಜೊತೆ ಎತ್ತು, ಇಷ್ಟೇ ಆತನ ಆಸ್ತಿ. ಆದರೂ ಆತನನ್ನು ಕುರಿತು ಇಂದು ನಿಮ್ಮೊಡನೆ ಕೆಲವು ನಿಮಿಷ ಮಾತನಾಡಬೇಕೆಂದು ಬಂದಿದ್ದೇನೆ. ಆತನು ಗರಡಿಯಲ್ಲಿ ಒಂಬತ್ತು ವರ್ಷ ನನ್ನ ಜೋಡಿಯಾಗಿದ್ದವನು. ಆತನಿಗೆ ನಾನು ಸಲ್ಲಿಸಬೇಕಾಗಿದ್ದ ಒಂದು ಸಾಲ ಸಲ್ಲದೆಯೇ ಉಳಿದಿದೆ. ಆತನ ಹೆಸರನ್ನು ನಾನು ಹೇಳುವುದಿಲ್ಲ. ತನ್ನ ಹೆಸರನ್ನು ಡಂಗುರ ಹೊಡೆಸಿಕೊಳ್ಳುವುದು ಬದುಕಿದ್ದಾಗಲೂ ಆತನಿಗೆ ಹಿಡಿಸುತ್ತಿರಲಿಲ್ಲ.

'ಜೋಡಿ' ಎಂಬ ಮಾತನ್ನು ಮೊದಲು ಸ್ವಲ್ಪ ವಿವರಿಸಬೇಕು. ಮೈಸೂರಿನಲ್ಲಿ ದಸರೆಗೆ ಮುಂಚೆ ಪೈಲ್ವಾನರನ್ನು ಸೇರಿಸಿ, ಮೈಕಟ್ಟು, ವಯಸ್ಸು, ಅನುಭವಗಳನ್ನು ನೋಡಿ, ಇಂಥವನಿಗೆ ಇಂಥವನು ಎದುರಾಳಿ ಎಂದು ಗೊತ್ತುಮಾಡುವುದುಂಟು. ಅದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಇದು ನೀವು ಬಲ್ಲ ಜೋಡಿ. ಒಂದು ದಿನದ ಜೋಡಿ. ಗರಡಿಯ ಒಳಗೆ ಇನ್ನೊಂದು ಜೋಡಿಯುಂಟು. ದಿನವೂ ಬೆಳಗಿನ ಜಾವದಲ್ಲಿ ಯಾರ ಕೈಗೆ ನಿಮ್ಮ ಮೈಯನ್ನು ಒಪ್ಪಿಸುತ್ತೀರೋ, ಯಾರನ್ನು ಕೆಡವಿ ಯಾರಿಂದ ಕೆಡವಿಸಿಕೊಂಡು ಒಂದೊಂದು ಪಟ್ಟನ್ನೂ ಕಲಿಯುತ್ತೀರೋ, ಅವನೂ ನಿಮ್ಮ ಜೋಡಿಯೇ. ಅವನೊಡನೆ ಗೆಲುವಿಲ್ಲ, ಸೋಲಿಲ್ಲ, ಬಹುಮಾನವಿಲ್ಲ, ನೋಡುವ ಜನವೂ ಇಲ್ಲ. ಒಂದು ಎಣ್ಣೆದೀಪ, ನಾಲ್ಕು ಗೋಡೆ, ಕಾಲ ಕೆಳಗೆ ಮಣ್ಣು. ನಾನು ಹೇಳಹೊರಟಿರುವುದು ಈ ಜೋಡಿಯ ವಿಷಯ.

ಏಕಲವ್ಯನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗುರುವು ಒಲ್ಲೆನೆಂದಾಗ ಅವನು ಕಾಡಿನಲ್ಲಿ ಗುರುವಿನ ಮಣ್ಣಿನ ಪ್ರತಿಮೆಯನ್ನು ಮಾಡಿಕೊಂಡು, ಅದರ ಮುಂದೆ ಒಬ್ಬನೇ ಅಭ್ಯಾಸಮಾಡಿ, ಅರ್ಜುನನಿಗೆ ಸಮನಾದ ಬಿಲ್ಲುಗಾರನಾದನು. ಬಿಲ್ವಿದ್ಯೆಯಲ್ಲಿ ಇದು ಆಗಬಹುದು. ಬಾಣಕ್ಕೆ ಗುರಿಯೊಂದಿದ್ದರೆ ಸಾಕು. ಆ ಗುರಿ ಮರವಾಗಬಹುದು, ಕಲ್ಲಾಗಬಹುದು. ಮಲ್ಲವಿದ್ಯೆಯಲ್ಲಿ ಮಾತ್ರ ಏಕಲವ್ಯನು ಹುಟ್ಟುವಂತಿಲ್ಲ. ದಂಡ, ಬಸ್ಕಿಗಳನ್ನು ಒಬ್ಬನೇ ಹೊಡೆಯಬಹುದು. ಕಲ್ಲುಗುಂಡನ್ನು ಒಬ್ಬನೇ ಎತ್ತಬಹುದು. ಗದೆಯನ್ನು ಒಬ್ಬನೇ ತಿರುಗಿಸಬಹುದು. ಇದರಿಂದ ಮೈ ಗಟ್ಟಿಯಾಗುತ್ತದೆ, ಕುಸ್ತಿ ಬರುವುದಿಲ್ಲ. ಕುಸ್ತಿ ಬರಬೇಕಾದರೆ ಇನ್ನೊಂದು ಜೀವಂತವಾದ ಮೈ ಬೇಕು. ಆ ಮೈ ತನ್ನ ಕೊರಳನ್ನೂ ಮೊಣಕಾಲನ್ನೂ ಭುಜದ ಕೀಲನ್ನೂ ನಿಮಗೆ ನಂಬಿ ಕೊಡಬೇಕು. ಅದು ಕೊಟ್ಟಷ್ಟು ಮಾತ್ರ ನೀವು ಕಲಿಯುತ್ತೀರಿ.

ನಮ್ಮ ಗರಡಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಸಣ್ಣ ಬೀದಿಯಲ್ಲಿತ್ತು. ಹೆಂಚಿನ ಮಾಡು, ಕೆಮ್ಮಣ್ಣು ಸುಣ್ಣಗಳ ಪಟ್ಟೆ ಬಳಿದ ಗೋಡೆ, ತಲೆ ಬಾಗಿಸಿಯೇ ಒಳಗೆ ಹೋಗಬೇಕಾದಂಥ ಗಿಡ್ಡ ಬಾಗಿಲು. ಎಷ್ಟು ದೊಡ್ಡ ಮನುಷ್ಯನೇ ಬರಲಿ, ಗರಡಿಗೆ ನಮಸ್ಕಾರ ಮಾಡದೆ ಒಳಗೆ ಬರಕೂಡದೆಂದು ಹಿರಿಯರು ಬಾಗಿಲನ್ನು ಹಾಗೆ ಇಟ್ಟರೆಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಗೂಡಿನಲ್ಲಿ ಆಂಜನೇಯ, ಅದರ ಪಕ್ಕದಲ್ಲಿ ಹೊಗೆ ಹಿಡಿದ ಗಾಮಾ ಪೈಲ್ವಾನನ ಚಿತ್ರ. ಪೇಟೆಯ ಅಂಗಡಿಯವರ ಮಕ್ಕಳು, ಗಂಜಾಮಿನ ಮುಸಲ್ಮಾನರ ಹುಡುಗರು, ಸುತ್ತಲಿನ ಹಳ್ಳಿಗಳ ರೈತರ ಮಕ್ಕಳು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಉಸ್ತಾದ್, ಪೈಲ್ವಾನ್, ಲಂಗೋಟಿ, ಅಖಾಡ ಎಂದು ನಮ್ಮ ಬಾಯಲ್ಲಿ ಓಡಾಡುತ್ತಿದ್ದ ಮಾತುಗಳು ಯಾವ ಯಾವ ಭಾಷೆಯಿಂದ ಬಂದುವೆಂದು ನಾವು ವಿಚಾರಿಸಿದ್ದಿಲ್ಲ. ಮಣ್ಣಿಗೆ ಇಳಿದ ಮೇಲೆ ಎಲ್ಲರ ಮೈಬಣ್ಣವೂ ಒಂದೇ ಆಗುತ್ತಿತ್ತು.

ಆ ಊರಿಗೂ ಈ ವಿದ್ಯೆಗೂ ನಂಟು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳನ್ನು ಹೇಳುವಾಗ ಮಲ್ಲವಿನೋದಕ್ಕೆ ಬೇರೆಯಾಗಿಯೇ ಸ್ಥಳ ಕೊಟ್ಟು, ಮಲ್ಲರ ತರಗತಿ, ಆಹಾರ, ಸಾಧನೆಗಳನ್ನು ವಿವರಿಸಿದ್ದಾನೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಹಲ್ಲು ಮುರಿಯುವಂತೆ ಗುದ್ದಾಡುತ್ತಿದ್ದ ಅಲ್ಲಿನ ಜಟ್ಟಿಗಳನ್ನು ಕುರಿತು ಬರೆದಿಟ್ಟಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ವಿಜಯನಗರದ ಆ ನವರಾತ್ರಿಯನ್ನು ಅಲ್ಲಿ ಮುಂದುವರಿಸಿದರು. 1799ರ ತರುವಾಯ ರಾಜಧಾನಿಯೊಂದಿಗೆ ದಸರೆಯೂ ಮೈಸೂರಿಗೆ ಹೋಯಿತು. ಈಗಲೂ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳು ಮುಷ್ಟಿಗೆ ವಜ್ರನಖವನ್ನು ಧರಿಸಿ ಕಾಳಗಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ಒಂದು ತೊಟ್ಟು ರಕ್ತ ಬಂದೊಡನೆ ಕಾಳಗ ಮುಗಿಯುತ್ತದೆ. ಇಷ್ಟು ಇತಿಹಾಸದಲ್ಲಿ ದೊರೆಗಳ ಹೆಸರಿದೆ; ಗೆದ್ದ ಮಲ್ಲರಲ್ಲಿ ಕೆಲವರ ಹೆಸರೂ ಅಲ್ಲಲ್ಲಿ ಇದೆ. ಆ ಮಲ್ಲರನ್ನು ನಿತ್ಯವೂ ಎದುರು ನಿಂತು ತಯಾರುಮಾಡಿದ ಜೋಡಿಗಳ ಹೆಸರು ಎಲ್ಲಿಯೂ ಇಲ್ಲ.

1962ರಲ್ಲಿ, ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ನಮ್ಮ ತಂದೆಯವರು ನನ್ನನ್ನು ಆ ಗರಡಿಗೆ ಕರೆದುಕೊಂಡು ಹೋಗಿ ಬಿಟ್ಟರು. ನಾನು ಓದುವ ಮನೆಯ ಹುಡುಗ. ಮೇಲಿಂದ ಮೇಲೆ ಜ್ವರ ಬರುತ್ತಿದ್ದ ಬಡಕಲು ಮೈ. ಅದೇ ತಿಂಗಳು ಇನ್ನೊಬ್ಬ ಹುಡುಗನೂ ಸೇರಿದನು. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ದೊಡ್ಡವನು, ಎತ್ತರದಲ್ಲಿ ನನ್ನಷ್ಟೇ. ಉಸ್ತಾದರು ನಮ್ಮಿಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ, "ನೀವಿಬ್ಬರೂ ಜೋಡಿ" ಎಂದರು. ಅದರ ಮೇಲೆ ಆರು ತಿಂಗಳು ಕುಸ್ತಿಯ ಮಾತೇ ಇಲ್ಲ. ನಮ್ಮಿಬ್ಬರ ಕೈಗೂ ಒಂದೊಂದು ಗುದ್ದಲಿಯನ್ನು ಕೊಟ್ಟರು.

ಗರಡಿಯ ಮಣ್ಣಿಗೆ ಮಟ್ಟಿ ಎಂದು ಹೆಸರು. ಅದು ಬರಿಯ ಮಣ್ಣಲ್ಲ. ಕಲ್ಲು ಹರಳು ಇಲ್ಲದಂತೆ ಜರಡಿ ಹಿಡಿದ ಕೆಂಪು ಮಣ್ಣಿಗೆ ಎಳ್ಳೆಣ್ಣೆ, ತುಪ್ಪ, ಮಜ್ಜಿಗೆ, ಅರಿಶಿನ, ನಿಂಬೆಯ ರಸ, ಕರ್ಪೂರಗಳನ್ನು ಬೆರಸಿ ಹದಮಾಡಿದ್ದು. ಹುಣ್ಣಾದರೆ ಕೀವಾಗಬಾರದೆಂದು ಅರಿಶಿನ. ಒಣಗಿ ಹೆಂಟೆಗಟ್ಟಬಾರದೆಂದು ಎಣ್ಣೆ. ಪ್ರತಿದಿನವೂ ಅದನ್ನು ಒಂದು ಅಡಿಯಷ್ಟು ಅಗೆದು, ನೀರು ಚಿಮುಕಿಸಿ, ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿ ಸಮಮಾಡಬೇಕು. ಅಗೆಯದೆ ಬಿಟ್ಟ ಮಟ್ಟಿ ಎರಡು ದಿನಕ್ಕೆ ನೆಲದಂತೆ ಗಟ್ಟಿಯಾಗುತ್ತದೆ; ಅದರ ಮೇಲೆ ಬಿದ್ದವನ ಮೂಳೆ ಉಳಿಯುವುದಿಲ್ಲ. ನಾಳೆ ನಿಮ್ಮ ಜೋಡಿ ಬೀಳಬೇಕಾದ ಜಾಗವನ್ನು ಇಂದು ನೀವು ಮೆತ್ತಗೆ ಮಾಡಿಡಬೇಕು. ಉಸ್ತಾದರು ನಮಗೆ ಕಲಿಸಿದ ಮೊದಲನೆಯ ಪಾಠ ಇದು. ಪಾಠವೆಂದು ನಮಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ನನ್ನ ಗೆಳೆಯನಿಗೆ ಮಣ್ಣೆಂದರೆ ವಿಶೇಷವಾದ ಅಭಿಮಾನ. ಅದಕ್ಕೆ ಕಾರಣವಿತ್ತು. ಅವನ ತಾತನ ಊರು ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. 1911ರಲ್ಲಿ ಕಟ್ಟೆಯ ಕೆಲಸ ಮೊದಲಾಗಿ ವರ್ಷ ವರ್ಷಕ್ಕೂ ನೀರು ಏರುತ್ತ ಬಂದಂತೆ, ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಸ್ಥಾನವೂ ಸುತ್ತಲಿನ ಎಷ್ಟೋ ಊರುಗಳ ಮನೆ, ಹೊಲ, ಬಾವಿಗಳೂ ಕಾವೇರಿಯ ಪಾಲಾದುವು. ಆ ನೀರು ಕಾಲುವೆಗಳಲ್ಲಿ ಹರಿದು ಮಂಡ್ಯದ ಸೀಮೆಯನ್ನು ಹಸಿರುಮಾಡಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಬಂದಿತು. ಮುಳುಗಿದವರ ಮೊಮ್ಮಗನಾದ ನನ್ನ ಗೆಳೆಯನು ಅದೇ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದು ಬದುಕಿದನು. ಕಟ್ಟೆಯನ್ನು ಅವನು ಒಂದು ದಿನವೂ ಬೈದವನಲ್ಲ. ಆದರೆ ಮಳೆ ಹಿಂದಾದ ಒಂದು ಬೇಸಗೆಯಲ್ಲಿ ಸಾಗರದ ನೀರು ಬಹಳ ಇಳಿದು ಹಿನ್ನೀರಿನ ಕೆಳಗಿನ ಹಳೆಯ ನೆಲ ಕಾಣಿಸಿಕೊಂಡಾಗ, ಅವನು ಬಂಡಿ ಕಟ್ಟಿಕೊಂಡು ಹೋಗಿ, ತಾತನ ಊರು ಇದ್ದಿತೆಂದು ಹಿರಿಯರು ತೋರಿಸಿದ ಜಾಗದಿಂದ ನಾಲ್ಕು ಮಂಕರಿ ಮಣ್ಣನ್ನು ತಂದನು. ಉಸ್ತಾದರ ಅಪ್ಪಣೆ ಪಡೆದು ಅದನ್ನು ಜರಡಿ ಹಿಡಿದು ನಮ್ಮ ಮಟ್ಟಿಗೆ ಬೆರಸಿದನು. "ತಾತ ಉತ್ತ ಮಣ್ಣು ಕಣೋ. ನೀರಲ್ಲಿ ಸುಮ್ಮನೆ ಬಿದ್ದಿತ್ತು, ಇಲ್ಲಿ ಕೆಲಸಕ್ಕೆ ಬರಲಿ" ಎಂದನು. ಆ ಮಣ್ಣಿನ ಮೇಲೆ ನಾವಿಬ್ಬರೂ ಎಷ್ಟು ಸಾವಿರ ಸಲ ಬಿದ್ದೆದ್ದೆವೋ ಲೆಕ್ಕವಿಲ್ಲ.

ಸ್ನೇಹಗಳಲ್ಲಿ ಬಗೆಯುಂಟು. ಮಾತಿನಿಂದ ಬೆಳೆಯುವ ಸ್ನೇಹ ನಿಮಗೆಲ್ಲ ತಿಳಿದದ್ದೇ. ನಮ್ಮಿಬ್ಬರ ನಡುವೆ ಮಾತು ಕಡಮೆ. ನಾನು ಓದುತ್ತಿದ್ದ ಪುಸ್ತಕಗಳು ಅವನಿಗೆ ಬೇಕಿರಲಿಲ್ಲ. ಅವನ ಆಲೆಮನೆಯ ಲೆಕ್ಕ ನನಗೆ ತಿಳಿಯುತ್ತಿರಲಿಲ್ಲ. ಬೆಲ್ಲ ಕಾಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಕೊಪ್ಪರಿಗೆಯ ಮುಂದೆ ನಿಂತು, ಬೆಳಗಿನ ಜಾವಕ್ಕೆ ನೇರವಾಗಿ ಗರಡಿಗೆ ಬರುತ್ತಿದ್ದನು. ಮೈಯೆಲ್ಲ ಬೆಲ್ಲದ ಹೊಗೆಯ ವಾಸನೆ. ಸೊಂಟದ ಬಟ್ಟೆಯಲ್ಲಿ ನನಗಾಗಿ ಒಂದು ಉಂಡೆ ಹೊಸ ಬೆಲ್ಲ. ಇಷ್ಟೇ ನಮ್ಮ ಉಪಚಾರ. ಆದರೆ ಅವನ ಎಡಗಾಲಿನ ಹಿಮ್ಮಡಿ ಮಣ್ಣಿನಲ್ಲಿ ಸ್ವಲ್ಪ ಆಳಕ್ಕೆ ಊರಿತೆಂದರೆ ಬಲಗಡೆಯಿಂದ ನನ್ನ ಸೊಂಟಕ್ಕೆ ಬರುತ್ತಾನೆಂದು ನನಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತಿತ್ತು. ನಾನು ಉಸಿರು ಬಿಗಿಹಿಡಿದರೆ ಭಯಪಟ್ಟಿದ್ದೇನೆಂದು ಅವನಿಗೆ ಗೊತ್ತಾಗುತ್ತಿತ್ತು. ಕೂಡಲೆ ಹಿಡಿತವನ್ನು ಒಂದಿಷ್ಟು ಸಡಿಲಿಸುತ್ತಿದ್ದನು. ಹೆತ್ತ ತಾಯಿಗೂ ತಿಳಿಯದ ನನ್ನ ಅಂಜಿಕೆಗಳೆಲ್ಲ ಅವನ ತೋಳುಗಳಿಗೆ ತಿಳಿದಿದ್ದುವು.

ಗೋಡೆಯ ಮೇಲಿನ ಗಾಮಾನ ಚಿತ್ರವನ್ನು ಹೇಳಿದೆನಷ್ಟೆ. 1910ರಲ್ಲಿ ಲಂಡನ್ನಿಗೆ ಹೋಗಿ ಜಗಜಟ್ಟಿ ಝ್ಬಿಸ್ಕೊನನ್ನು ಎದುರಿಸಿ, 1928ರಲ್ಲಿ ಪಟಿಯಾಲದಲ್ಲಿ ಅವನನ್ನೇ ನಿಮಿಷದೊಳಗೆ ಕೆಡವಿದ ಮಹಾಮಲ್ಲ ಅವನು. ಗಾಮಾ ದಿನವೂ ನಲವತ್ತು ಮಂದಿ ಜೊತೆಗಾರರೊಡನೆ ಕುಸ್ತಿಮಾಡುತ್ತಿದ್ದನೆಂದು ಪ್ರತೀತಿಯುಂಟು. ಹುಡುಗರಾದ ನಾವು ಆ ನಲವತ್ತರ ಸಂಖ್ಯೆಯನ್ನು ಗಾಮಾನ ಬಲಕ್ಕೆ ಸಾಕ್ಷಿಯೆಂದು ತಿಳಿದಿದ್ದೆವು. ಒಂದು ದಿನ ನನ್ನ ಗೆಳೆಯನು ಚಿತ್ರವನ್ನು ನೋಡುತ್ತ, "ಆ ನಲವತ್ತು ಜನ ದಿನಾ ಬೆಳಗಾದರೆ ಬೀಳೋಕೆ ಬರ್ತಿದ್ರಲ್ಲ, ಅವರ ಪಟ ಯಾರೂ ಹಾಕಲಿಲ್ಲವಲ್ಲೋ" ಎಂದನು. ನಾವೆಲ್ಲ ನಕ್ಕೆವು. ಅವನು ನಗುವುದಕ್ಕಾಗಿ ಹೇಳಿರಲಿಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಇದನ್ನು ಇಷ್ಟು ವರ್ಷ ಯಾರ ಎದುರಿಗೂ ಹೇಳಿದವನಲ್ಲ.

1969ರ ಭಾದ್ರಪದದಲ್ಲಿ, ದಸರೆಗೆ ಇನ್ನೊಂದು ತಿಂಗಳಿರುವಾಗ, ಮೈಸೂರಿನ ಕುಸ್ತಿಗೆ ನಮ್ಮ ಗರಡಿಯಿಂದ ಒಬ್ಬನನ್ನು ಕಳುಹಿಸಬೇಕೆಂದಾಯಿತು. ಪಟ್ಟುಗಳ ಜ್ಞಾನದಲ್ಲಿ ನಾನು ಮೇಲೆಂದು ಎಲ್ಲರೂ ಹೇಳುತ್ತಿದ್ದರು; ನಾನೂ ಹಾಗೆಯೇ ತಿಳಿದಿದ್ದೆನು. ಉಸ್ತಾದರು ನನ್ನ ಗೆಳೆಯನನ್ನು ಆರಿಸಿದರು. ಕಾರಣವನ್ನು ಅವರು ಹೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಮಾರನೆಯ ಬೆಳಗ್ಗೆ ಎಂದಿನಂತೆ ನಾವಿಬ್ಬರೂ ಮಟ್ಟಿಗೆ ಇಳಿದೆವು. ಎಂದಿನಂತೆ ಅವನು ಒಂದು ಹಿಡಿ ಮಣ್ಣನ್ನು ತೆಗೆದು ನನ್ನ ಭುಜಕ್ಕೆ ಸವರಿದನು. ನಾನು ಅವನ ಭುಜಕ್ಕೆ ಸವರಿದೆನು. ಬೆವರಿಗೆ ಕೈ ಜಾರದಿರಲೆಂದು ಹೀಗೆ ಮಾಡುವುದು. ನಿನ್ನ ಮೈ ನನ್ನ ಕೈಯಲ್ಲಿ ಕ್ಷೇಮ ಎಂದು ಭಾಷೆ ಕೊಟ್ಟಂತೆಯೂ ಹೌದು. ಸ್ವಲ್ಪ ಹೊತ್ತಿಗೆ ಅವನ ಬಲದ ತೋಳು ನನಗೆ ಸಿಕ್ಕಿತು. ಅದನ್ನು ಬೆನ್ನಿನ ಮೇಲಕ್ಕೆ ತಿರುಚಿ ಹಿಡಿದೆನು. ಅಭ್ಯಾಸದ ಕುಸ್ತಿಯಲ್ಲಿ ನೋವು ಮಿತಿ ಮೀರಿದರೆ ಜೋಡಿಯ ತೊಡೆಯನ್ನು ಎರಡು ಸಲ ತಟ್ಟುವುದು ನಮ್ಮ ಗರಡಿಯ ಕಟ್ಟಳೆ. ತಟ್ಟಿದೊಡನೆ ಬಿಡಬೇಕು. ಅವನು ಎರಡು ಸಲ ತಟ್ಟಿದನು. ಆ ಎರಡನ್ನೂ ನಾನು ಎಣಿಸಿದೆನು. ಆದರೆ ಬಿಡಲಿಲ್ಲ.

ಕಾಣಲಿಲ್ಲ, ಕೇಳಲಿಲ್ಲ, ಆವೇಶದಲ್ಲಿ ಮರೆತೆನು ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆ ದಿನ ಮನಸ್ಸಿನೊಳಗೆ ಹಾಗೆಯೇ ಹೇಳಿಕೊಂಡೆನು ಕೂಡ. ಅದು ಸುಳ್ಳು. ಒಂದು ಉಸಿರಿನಷ್ಟು ಹೊತ್ತು, ಬುದ್ಧಿಪೂರ್ವಕವಾಗಿ, ಹಿಡಿದೇ ಇದ್ದೆನು. ಭುಜದ ಕೀಲಿನಿಂದ ಹಸಿಯ ಕೊಂಬೆ ಮುರಿದಂತೆ ಸದ್ದಾಯಿತು. ಅವನು ಕೂಗಲಿಲ್ಲ. ಎದ್ದು ನಿಂತು, ಎಡಗೈಯಿಂದ ಬಲದ ತೋಳನ್ನು ಹಿಡಿದುಕೊಂಡು, ನನ್ನ ಮುಖವನ್ನು ಒಂದು ಸಲ ನೋಡಿ ಹೊರಗೆ ಹೋದನು.

ಹೊರಗಿದ್ದ ಉಸ್ತಾದರಿಗೆ ಅವನು ಹೇಳಿದ್ದು, ಹಿಂದಿನ ರಾತ್ರಿ ನಾಲೆಯ ಏರಿಯ ಮೇಲೆ ಜಾರಿ ಬಿದ್ದೆನೆಂದು. ಆ ನೋವು ಈಗ ಹೆಚ್ಚಾಯಿತೆಂದು. ಮೈಸೂರಿನಲ್ಲಿ ಮೂಳೆ ಕಟ್ಟುವುದರಲ್ಲಿ ಜಟ್ಟಿಗಳದು ಹಿಂದಿನಿಂದ ಬಂದ ಕೈಗುಣ. ಅವರಲ್ಲೊಬ್ಬರು ಎಣ್ಣೆ ಹಾಕಿ, ಬಿದಿರ ದಬ್ಬೆ ಕಟ್ಟಿ, ಬಹಳ ಶ್ರದ್ಧೆಯಿಂದ ನೋಡಿಕೊಂಡರು. ಮೂಳೆ ಕೂಡಿತು, ಕೀಲು ಮಾತ್ರ ಮೊದಲಿನಂತಾಗಲಿಲ್ಲ. ಬಲದ ತೋಳು ಕಿವಿಯ ಮಟ್ಟಕ್ಕಿಂತ ಮೇಲಕ್ಕೆ ಏಳದಾಯಿತು. ಆ ವರ್ಷದ ದಸರೆಗೆ ನಮ್ಮ ಗರಡಿಯಿಂದ ಯಾರೂ ಹೋಗಲಿಲ್ಲ. ಪೊಲೀಸ್ ಕೆಲಸಕ್ಕೆ ಸೇರಬೇಕೆಂದು ಅವನಿಗೊಂದು ಆಸೆಯಿತ್ತು. ಆ ತೋಳಿನಿಂದ ದೇಹಪರೀಕ್ಷೆ ದಾಟುವುದಿಲ್ಲವೆಂದು ತಾನೇ ತಿಳಿದು ಅರ್ಜಿಯನ್ನೂ ಹಾಕಲಿಲ್ಲ. ಜೀವಮಾನವೆಲ್ಲ ಕಬ್ಬಿನ ಹೊರೆಯನ್ನು ಎಡದ ಭುಜದ ಮೇಲೆಯೇ ಹೊತ್ತನು.

ಉಸ್ತಾದರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮಾರನೆಯ ದಿನ ನನ್ನ ಕೈಗೆ ಗುದ್ದಲಿಯನ್ನು ಕೊಟ್ಟರು. "ನಿನಗೆ ಜೋಡಿ ಇಲ್ಲ. ಅಗೆ" ಎಂದರು. ಆರು ತಿಂಗಳು ನಾನು ದಿನವೂ ಮಟ್ಟಿಯನ್ನು ಅಗೆದೆನು. ಗರಡಿಯ ಹುಡುಗರು ಇದನ್ನು ಶಿಕ್ಷೆಯೆಂದು ತಿಳಿದರು, ನಾನೂ ತಿಳಿದೆನು. ಈಗ ಯೋಚಿಸಿದರೆ, ಮೊದಲನೆಯ ಪಾಠವನ್ನು ನಾನು ಕಲಿತಿಲ್ಲವೆಂದು ಕಂಡು ಅವರು ಅದನ್ನೇ ಮತ್ತೆ ಹೇಳಿಕೊಟ್ಟರೆಂದು ತೋರುತ್ತದೆ. ನನ್ನನ್ನು ಬಿಟ್ಟು ಅವನನ್ನು ಏಕೆ ಆರಿಸಿದ್ದರೆಂಬುದಕ್ಕೂ ಉತ್ತರ ಅದರಲ್ಲಿಯೇ ಇತ್ತು.

ಆರು ತಿಂಗಳಾದ ಮೇಲೆ, ಶಿವರಾತ್ರಿ ಕಳೆದ ಒಂದು ಬೆಳಗ್ಗೆ, ಅವನು ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದನು. ಅಂಗಿಯನ್ನು ಕಳಚಿದನು. ಬಲದ ಭುಜ ಎಡದ್ದಕ್ಕಿಂತ ಸಣ್ಣದಾಗಿತ್ತು. ಗರಡಿಯಲ್ಲಿ ಹದಿನೈದು ಇಪ್ಪತ್ತು ಮಂದಿ ಇದ್ದರು. ಅವನು ಬೇರೆ ಯಾರೊಡನೆ ಬೇಕಾದರೂ ಕೈಕೊಡಬಹುದಾಗಿತ್ತು. ನೇರವಾಗಿ ನನ್ನ ಮುಂದೆ ಬಂದು ನಿಂತು, ಒಂದು ಹಿಡಿ ಮಣ್ಣು ತೆಗೆದು ನನ್ನ ಭುಜಕ್ಕೆ ಸವರಿ, ಆ ಬಲಗೈಯನ್ನೇ ಮುಂದಕ್ಕೆ ನೀಡಿ, "ಹಿಡಿ" ಎಂದನು. ನನ್ನ ಕೈ ಏಳಲಿಲ್ಲ. "ಹಿಡೀಲಾ, ಹೊತ್ತಾಯ್ತು" ಎಂದನು. ಹಿಡಿದೆನು. ಅಂದಿನಿಂದ ನಾನು ಊರು ಬಿಡುವವರೆಗೂ ಆ ತೋಳನ್ನು ಅವನು ಒಂದು ದಿನವೂ ನನ್ನಿಂದ ಬಚ್ಚಿಡಲಿಲ್ಲ. ಕ್ಷಮೆಯನ್ನು ಕುರಿತು ನಾನು ಆ ಮೇಲೆ ಎಷ್ಟೋ ಓದಿದ್ದೇನೆ, ಕೇಳಿದ್ದೇನೆ. ಆ ಬೆಳಗ್ಗೆ ಕಂಡಷ್ಟು ಸ್ಪಷ್ಟವಾಗಿ ಅದನ್ನು ಮತ್ತೆಲ್ಲಿಯೂ ಕಾಣಲಿಲ್ಲ.

1971ರಲ್ಲಿ ನಾನು ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋದೆನು. ಅವನು ಗರಡಿಯನ್ನು ಬಿಡಲಿಲ್ಲ. ದೊಡ್ಡ ಕುಸ್ತಿಗಳನ್ನು ಹಿಡಿಯಲು ಬಾರದವನು ಹೊಸ ಹುಡುಗರಿಗೆ ಬೀಳುವುದನ್ನು ಕಲಿಸಲು ನಿಂತನು. ಬೀಳುವುದನ್ನು ಕಲಿಸಬೇಕೆ ಎಂದು ನೀವು ಕೇಳಬಹುದು. ಬೀಳುವವನು ಸ್ವಭಾವವಾಗಿ ಕೈಯನ್ನು ನೆಲಕ್ಕೆ ಊರುತ್ತಾನೆ. ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಂದು ಅದು ಮುರಿಯುತ್ತದೆ. ಹೆದರಿ ಉಸಿರು ಕಟ್ಟುತ್ತಾನೆ, ಎದೆಗೆ ಪೆಟ್ಟಾಗುತ್ತದೆ. ತಲೆಯನ್ನು ಹಿಂದಕ್ಕೆ ಚೆಲ್ಲುತ್ತಾನೆ. ಹೆಡತಲೆ ನೆಲಕ್ಕೆ ಬಡಿಯುತ್ತದೆ. ಗದ್ದವನ್ನು ಎದೆಗೆ ಒತ್ತಬೇಕು, ಕೈ ಊರಬಾರದು, ಉಸಿರನ್ನು ಹೊರಕ್ಕೆ ಬಿಡಬೇಕು, ಬೆನ್ನನ್ನು ದುಂಡಗೆ ಮಾಡಿ ಉರುಳಬೇಕು. ಇದನ್ನು ಅವನು ಬಾಯಿಂದ ಹೇಳುತ್ತಿದ್ದುದು ಕಡಮೆ. ತಾನೇ ಬಿದ್ದು ತೋರಿಸುತ್ತಿದ್ದನು, ಐವತ್ತು ಸಲ, ನೂರು ಸಲ. ಹುಡುಗರು ಅವನನ್ನು 'ಮಟ್ಟಿ ಮಾವ' ಎಂದು ಕರೆಯುತ್ತಿದ್ದರು.

ಜಪಾನಿನಲ್ಲಿ 1882ರಲ್ಲಿ ಜಿಗೊರೊ ಕಾನೊ ಎಂಬ ಅಧ್ಯಾಪಕರು ಜೂಡೊ ಎಂಬ ಮಲ್ಲವಿದ್ಯೆಯ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯೂ ಶಿಷ್ಯನಿಗೆ ಮೊದಲು ಹೇಳಿಕೊಡುವುದು ಬೀಳುವುದನ್ನೇ. ಎತ್ತಿ ಹಾಕುವವನಿಗೊಂದು ಹೆಸರು, ಹಾಕಿಸಿಕೊಳ್ಳುವವನಿಗೊಂದು ಹೆಸರು ಅವರ ಶಾಸ್ತ್ರದಲ್ಲಿ ಉಂಟು; ತಾನೂ ಇನ್ನೊಬ್ಬನೂ ಒಟ್ಟಿಗೆ ಏಳಿಗೆ ಹೊಂದಬೇಕೆಂಬುದು ಕಾನೊ ಅವರು ಆ ವಿದ್ಯೆಗೆ ಇಟ್ಟ ಗುರಿಗಳಲ್ಲೊಂದು. ಇದನ್ನು ನಾನು ಪುಸ್ತಕದಲ್ಲಿ ಓದಿ, ರಜಕ್ಕೆ ಊರಿಗೆ ಹೋದಾಗ ಅವನಿಗೆ ಹೇಳಿದೆನು. ಅವನು ಕೇಳಿ, "ಅಲ್ಲೂ ನಮ್ಮಂಥೋರು ಅವ್ರೆ ಅನ್ನು" ಎಂದು ಸಂತೋಷಪಟ್ಟನು.

ವರ್ಷಕ್ಕೊಂದೆರಡು ಸಲ ನಾವು ಸಂಧಿಸುತ್ತಿದ್ದೆವು. ಪ್ರತಿಸಲವೂ ಆ ದಿನದ ಮಾತನ್ನು ಎತ್ತಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಹೋಗುತ್ತಿದ್ದೆನು. ಅವನು ಮಳೆ, ಬೆಳೆ, ಕಟ್ಟೆಯ ನೀರಿನ ಮಟ್ಟ ಇವುಗಳನ್ನು ಮಾತನಾಡುತ್ತಿದ್ದನು. 124.80 ಅಡಿ ತುಂಬಿತೆಂದರೆ ಅವನ ಮುಖದಲ್ಲಿ ಹಬ್ಬ. ನನ್ನ ಮಾತು ಗಂಟಲಲ್ಲಿಯೇ ನಿಲ್ಲುತ್ತಿತ್ತು. ಮುಂದಿನ ಸಲ ಹೇಳೋಣವೆಂದು ಹಿಂದಿರುಗುತ್ತಿದ್ದೆನು. ಹೀಗೆ ಐವತ್ತು ವರ್ಷಕ್ಕೂ ಮೇಲಾಯಿತು. ಮುಂದಿನ ಸಲ ಎಂಬುದು ಕೊನೆಗೊಮ್ಮೆ ಇಲ್ಲದೆಹೋಯಿತು.

ನಮ್ಮ ಕಡೆ ಹಳ್ಳಿಗಳಲ್ಲಿ ಸಾವಿಗೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ನಾನು ಮಣ್ಣಿಗೆ ಹೋದೆನು. ಹೋಗುವ ದಾರಿಯಲ್ಲಿ ಗರಡಿಯ ಬಳಿ ಇಳಿದೆನು. ಅದು ಇನ್ನೂ ನಿಂತಿದೆ; ನಾಲ್ಕೈದು ಹುಡುಗರು ಇನ್ನೂ ಬರುತ್ತಾರೆ; ಮಟ್ಟಿಯನ್ನು ಅಗೆದಿದ್ದರು. ಅದರಿಂದ ಒಂದಷ್ಟನ್ನು ವಸ್ತ್ರದಲ್ಲಿ ಕಟ್ಟಿಕೊಂಡೆನು. ಅವನ ಹೊಲದ ಬದುವಿನಲ್ಲಿ, ನಾಲೆಯ ನೀರು ಹರಿಯುವ ಸದ್ದು ಕೇಳುವಂಥ ಜಾಗದಲ್ಲಿ, ಗುಣಿ ತೋಡಿದ್ದರು. ಮಕ್ಕಳು, ನೆಂಟರು ಮಣ್ಣು ಹಾಕಿದ ಮೇಲೆ ನಾನು ಗಂಟನ್ನು ಬಿಚ್ಚಿದೆನು. ಅವನು ಸಾಗರದ ತಳದಿಂದ ತಂದು ಬೆರಸಿದ ತಾತನ ಊರಿನ ಮಣ್ಣು ಅದರಲ್ಲಿ ಎಷ್ಟೋ ಪಾಲು ಉಳಿದಿದ್ದೀತು. ಬಗ್ಗಿ, ಬಲದ ಭುಜ ಇರಬಹುದಾದ ಕಡೆಗೆ, ಒಂದು ಹಿಡಿ ಹಾಕಿದೆನು. ಅಷ್ಟು ವರ್ಷ ಬೆಳಗಾದರೆ ಅವನು ಮೊದಲು ನನಗೆ, ಆಮೇಲೆ ನಾನು ಅವನಿಗೆ. ಅಂದು ನಾನು ಕೊಟ್ಟೆನು, ಅವನಿಂದ ಬರಲಿಲ್ಲ. ಅವನು ಸತ್ತನೆಂಬುದು ಆ ಕ್ಷಣದಲ್ಲಿ ನನಗೆ ತಿಳಿಯಿತು.

ಹನ್ನೊಂದನೆಯ ದಿನ ಮತ್ತೆ ಹೋಗಿ, ಎಲ್ಲರೂ ಎದ್ದುಹೋದ ಮೇಲೆ, ಅವನ ಹೆಂಡತಿಯ ಎದುರಿಗೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆನು. ನಾಲೆಯ ಏರಿಯ ಮೇಲೆ ಬಿದ್ದದ್ದು ಸುಳ್ಳೆಂದೂ, ಆ ತೋಳನ್ನು ಕೆಡಿಸಿದವನು ನಾನೆಂದೂ ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೊತ್ತಿತ್ತು ಕಣಣ್ಣ. ಮದುವೆಯಾದ ಹೊಸದರಲ್ಲೇ ಹೇಳಿದ್ರು. ನಿಮ್ಮ ಮುಂದೆ ಆ ಮಾತು ಯಾವತ್ತೂ ಎತ್ತಬೇಡ, ಅವನು ನೊಂದ್ಕೊತಾನೆ ಅಂದಿದ್ರು" ಎಂದಳು. ನನ್ನ ನೋವಿನ ಭಾರವನ್ನೂ ಆತನು ಎಡದ ಭುಜದ ಮೇಲೆ ಹೊತ್ತುಕೊಂಡಿದ್ದನೆಂದು ಅಂದು ತಿಳಿಯಿತು.

ಶ್ರೋತೃಗಳೆ, ನಿಮ್ಮಲ್ಲಿ ಬಹುಮಂದಿ ಗರಡಿಯ ಬಾಗಿಲನ್ನು ಕಂಡವರಲ್ಲದಿರಬಹುದು. ಆದರೆ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇದ್ದೇ ಇರುತ್ತಾನೆ. ಸಹಪಾಠಿಯಾಗಿರಬಹುದು, ಒಡಹುಟ್ಟಿದವನಾಗಿರಬಹುದು, ಕಚೇರಿಯಲ್ಲಿ ಪಕ್ಕದ ಮೇಜಿನವನಾಗಿರಬಹುದು. ನೀವು ಗೆಲ್ಲುವುದನ್ನು ಕಲಿಯಲೆಂದು ಯಾರೋ ನಿಮ್ಮ ಕೈಯಲ್ಲಿ ಬಿದ್ದಿದ್ದಾರೆ. ಅವರು ಎರಡು ಸಲ ತಟ್ಟಿದಾಗ ನೀವು ಬಿಟ್ಟಿರೋ ಇಲ್ಲವೋ ನಿಮಗೇ ಗೊತ್ತು. ಬಿಡದೆ ಇದ್ದಿದ್ದರೆ, ಆ ಮಾತನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ. ಅವರು ಇನ್ನೂ ಬದುಕಿರುವಾಗಲೇ ಹೋಗಿ ಹೇಳಿ. ಇದನ್ನು ಹೇಳುವುದಕ್ಕಾಗಿಯೇ ಇಂದು ಇಲ್ಲಿಗೆ ಬಂದೆನು.